ಗುಂಡ್ಲುಪೇಟೆಯಿಂದ ನಾನು ಬರೆದ ಕಾಗದ

ಹೋದ ತಿಂಗಳು ಮೊಮ್ಮಗಳು ಒಂದು ಇಂಗ್ಲಿಷ್ ಕಾದಂಬರಿ ತಂದುಕೊಟ್ಟಳು. ಹೊಡೆಯುವ ಗಂಡನ ಕೈಯಿಂದ ಪಾರಾಗಿ ಬದುಕಿಕೊಂಡ ಹೆಂಗಸಿನ ಕಥೆ. "ವೆರಿ ಸ್ಟ್ರಾಂಗ್ ಬುಕ್ ಅಜ್ಜಿ, ಅರ್ಧಕ್ಕೆ ಬಿಟ್ಟುಬಿಡಬೇಡ" ಅಂದಳು. ಬಿಡಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ ಮೂರು ದಿನದಲ್ಲಿ ಓದಿ ಮುಗಿಸಿದೆ. ಚೆನ್ನಾಗಿ ಬರೆದಿದ್ದಾರೆ. ಹೆಂಡತಿ ಇದ್ದಾಳೆ, ಗಂಡ ಇದ್ದಾನೆ, ಧೈರ್ಯ ಹೇಳುವ ಗೆಳತಿ ಇದ್ದಾಳೆ, ಕೊನೆಗೊಂದು ಬೆಳಗ್ಗೆ ಅವಳು ಸೂಟ್‌ಕೇಸ್ ಹಿಡಿದು ಹೊರಟೇ ಬಿಡುತ್ತಾಳೆ. ಪುಸ್ತಕ ಮಡಿಸಿಟ್ಟ ಮೇಲೆ ನನಗೆ ಹೊಳೆದದ್ದು, ಅದರಲ್ಲಿ ನಾನೆಲ್ಲೂ ಇಲ್ಲ ಎಂದು. ಕಣ್ಣಾರೆ ಕಂಡೂ "ಎಲ್ಲ ಚೆನ್ನಾಗಿದೆ" ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಕಳಿಸುವವಳು ಅಂಥ ಬಹಳ ಮನೆಗಳಲ್ಲಿ ಒಬ್ಬಳು ಇರುತ್ತಾಳೆ. ನಮ್ಮ ಮನೆಯಲ್ಲಿ ಅದು ನಾನು.

ನಮ್ಮದು ಚಾಮರಾಜನಗರ. ಅಪ್ಪನದು ದವಸದ ಅಂಗಡಿ, ಊರಾಚೆ ಸ್ವಲ್ಪ ಎರೆಭೂಮಿ. ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಊರಿನ ಮಿಡ್ಲ್ ಸ್ಕೂಲ್ ಮುಗಿಸಿ ಅವಳು ಮನೆಯಲ್ಲೇ ಉಳಿದಳು. ನನ್ನ ಸರದಿ ಬರುವ ಹೊತ್ತಿಗೆ ಅಪ್ಪನ ಸ್ನೇಹಿತರಾದ ಅಮಲ್ದಾರರೊಬ್ಬರು "ಒಬ್ಬಳನ್ನಾದರೂ ಇಂಗ್ಲಿಷ್ ಓದಿಸಿ" ಎಂದು ಅಪ್ಪನ ತಲೆಗೆ ತುಂಬಿದ್ದರು. ಹಾಗಾಗಿ ನಾನು ಮೈಸೂರಿನ ಕಾನ್ವೆಂಟಿನ ಬೋರ್ಡಿಂಗ್ ಸೇರಿದೆ. ನನಗೆ ಯೂನಿಫಾರ್ಮ್ ಬಂತು, ಅಕ್ಕನಿಗೆ ಗಂಡು ಬಂತು. ಐವತ್ತರ ದಶಕದ ನಡುವಿನ ಮಾತು ಇದು. ನನಗಾಗ ಹದಿನಾಲ್ಕು.

ಕಾನ್ವೆಂಟಿನಲ್ಲಿ ಭಾನುವಾರ ಪ್ರೇಯರ್ ಆದ ಮೇಲೆ ಒಂದು ಗಂಟೆ ಮನೆಗೆ ಕಾಗದ ಬರೆಯುವ ಹೊತ್ತು. ಬರೆದದ್ದನ್ನು ಸಿಸ್ಟರ್ ಓದಿ, ಆಮೇಲೆ ಕವರಿಗೆ ಹಾಕುತ್ತಿದ್ದರು. ಹೊಟ್ಟೆನೋವು, ತಣ್ಣನೆಯ ಗಂಜಿ, ಪಕ್ಕದ ಮಂಚದವಳ ಜಗಳ ಯಾವುದನ್ನೂ ಬರೆಯುವ ಹಾಗಿರಲಿಲ್ಲ. ದೂರದಲ್ಲಿರುವ ತಂದೆತಾಯಿಗೆ ಚಿಂತೆ ಹಚ್ಚುವುದು ಸೆಲ್ಫಿಶ್ ಎಂದು ಸಿಸ್ಟರ್ ಹೇಳುತ್ತಿದ್ದರು. "ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ" ಎಂದು ಶುರು ಮಾಡಿ, ಸಂತೋಷದ ಮೂರು ಸಂಗತಿ ಬರೆದು, ವಂದನೆ ಹೇಳಿ ಮುಗಿಸಬೇಕು. ಈ ವಿದ್ಯೆಯಲ್ಲಿ ನಮ್ಮ ಕ್ಲಾಸಿಗೇ ನಾನು ಫಸ್ಟ್. ಹ್ಯಾಂಡ್‌ರೈಟಿಂಗಿಗೆ ಪ್ರೈಜ್ ಕೂಡ ಬಂದಿತ್ತು.

ಭಾವ ಗುಂಡ್ಲುಪೇಟೆಯವರು. ತಂದೆ ತೀರಿಕೊಂಡಿದ್ದರು; ತಾಯಿ, ಮಗ ಇಬ್ಬರದೇ ಮನೆ. ಬಂಡೀಪುರದ ಕಾಡಿನಲ್ಲಿ ಮರ ಕಡಿಸುವ ಕಂಟ್ರಾಕ್ಟು, ಒಂದು ಜೀಪು. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿದವರು, ಇಂಗ್ಲಿಷ್ ನೀರಿನ ಹಾಗೆ ಬರುತ್ತಿತ್ತು. ಮದುವೆಯಾದ ಮೇಲೆ ಎರಡು ಸಲ ಕಾನ್ವೆಂಟಿಗೆ ನನ್ನನ್ನು ನೋಡಲು ಬಂದರು. ಪಾರ್ಲರಿನಲ್ಲಿ ಮದರ್ ಸುಪೀರಿಯರ್ ಎದುರು ಕಾಲ ಮೇಲೆ ಕಾಲು ಹಾಕಿ ಕೂತು ಮಾತನಾಡಿದರು. ಬಿಸ್ಕತ್ತಿನ ಟಿನ್ ತಂದಿದ್ದರು. ಉಳಿದ ಹುಡುಗಿಯರು "ಹೂ ಈಸ್ ದಟ್ ಹ್ಯಾಂಡ್‌ಸಮ್ ಮ್ಯಾನ್" ಎಂದು ಕೇಳಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ನಮ್ಮಪ್ಪ ಬಂದರೆ ಪಂಚೆ, ಹಣೆ ತುಂಬ ವಿಭೂತಿ, ಪಾರ್ಲರಿನ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಈಗ ಆ ನಾಚಿಕೆಗೇ ನಾಚಿಕೆ.

ಮದುವೆಯಾದ ವರ್ಷದ ದಸರಾ ರಜಕ್ಕೆ ಭಾವ ನನ್ನನ್ನು ಜೀಪಿನಲ್ಲಿ ಗುಂಡ್ಲುಪೇಟೆಗೆ ಕರೆದುಕೊಂಡು ಹೋದರು. ಮನೆ ದೊಡ್ಡ ರಸ್ತೆಗೆ ಹತ್ತಿರ. ಈರುಳ್ಳಿ ಮೂಟೆ ಹೇರಿಕೊಂಡ ಲಾರಿಗಳು ಕೇರಳದ ಕಡೆ ಹೋಗುವುದು ಜಗುಲಿಯ ಮೇಲೆ ಕೂತರೆ ಕಾಣುತ್ತಿತ್ತು. ಅಕ್ಕ ನನ್ನನ್ನು ಕಂಡು ನಕ್ಕಳು. ಆದರೆ ಮೊದಲಿನ ಹಾಗೆ ನನ್ನ ಜಡೆ ಹಿಡಿದು ಎಳೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಭಾವ ಊಟಕ್ಕೆ ಬಂದರು. ಇಸ್ತ್ರಿ ಮಾಡಿಟ್ಟ ಷರ್ಟಿನಲ್ಲಿ ಒಂದು ಗುಂಡಿ ಇರಲಿಲ್ಲವಂತೆ. ಅಕ್ಕನನ್ನು ಮೆಲ್ಲಗೆ, ಮರ್ಯಾದೆಯಿಂದಲೇ, "ಒಳಗೆ ಬಾ" ಎಂದು ಕರೆದರು. ಕೋಣೆಯ ಬಾಗಿಲು ಮುಚ್ಚಿತು. ಅಡುಗೆಮನೆಯಲ್ಲಿದ್ದ ಅಕ್ಕನ ಅತ್ತೆ ಎದ್ದು ಬಂದು ನಡುಮನೆಯ ಬೀಸುವ ಕಲ್ಲಿನ ಮುಂದೆ ಕೂತರು. ಗೂಟ ಹಿಡಿದು ಬೀಸತೊಡಗಿದರು. ಕಾನ್ವೆಂಟಿನಲ್ಲಿ ಕಲಿತ ಮ್ಯಾನರ್ಸ್ ನನ್ನದು. ದೊಡ್ಡವರು ಕೆಲಸ ಮಾಡುವಾಗ ಸುಮ್ಮನೆ ಕೂರಬಾರದು ಎಂದು ಎದುರು ಹೋಗಿ ಕೂತೆ.

"ನಾನೂ ಬೀಸ್ಲಾ ಅತ್ತೆಮ್ಮ?"

"ಬ್ಯಾಡ ಕಣಮ್ಮಿ. ನಿಂದು ಓದೋ ಕೈ."

ಕಲ್ಲಿನ ಬಾಯಿ ನೋಡಿದೆ. ರಾಗಿ ಇರಲಿಲ್ಲ. ಸುತ್ತ ಒಂದು ಚಿಟಿಕೆ ಹಿಟ್ಟೂ ಬಿದ್ದಿರಲಿಲ್ಲ. ಕಲ್ಲಿಗೆ ಕಲ್ಲು ಉಜ್ಜಿ ಸುಟ್ಟ ಹಾಗೆ ವಾಸನೆ ಬರುತ್ತಿತ್ತು.

"ರಾಗೀನೇ ಹಾಕಿಲ್ವಲ್ಲ" ಅಂದೆ.

"ಹಾಕ್ತೀನಿ ಬುಡು" ಅಂದರು. ಹಾಕಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದರು. ಕೋಣೆಯ ಬಾಗಿಲು ತೆರೆದದ್ದೇ ಕೈ ನಿಲ್ಲಿಸಿ, ಸೆರಗಿನಿಂದ ಆ ಒಣಕಲ್ಲನ್ನು ಒರೆಸಿ ಎದ್ದರು. ಅಕ್ಕ ಹೊರಗೆ ಬಂದು ಎಲೆ ಹಾಕಿದಳು. ನನ್ನ ಎಲೆಯ ಪಕ್ಕಕ್ಕೆ ನೀರಿನ ಲೋಟ ಇಟ್ಟಿದ್ದು ಎಡಗೈಯಲ್ಲಿ. ಅಕ್ಕ ತನ್ನ ಜನ್ಮದಲ್ಲಿ ಯಾರಿಗೂ ಎಡಗೈಯಲ್ಲಿ ಏನನ್ನೂ ಕೊಟ್ಟವಳಲ್ಲ.

ಅವತ್ತು ಸಂಜೆ ಭಾವ ನನ್ನನ್ನು ಜಿಂಕೆ ತೋರಿಸುತ್ತೇನೆಂದು ಬಂಡೀಪುರದ ಕಡೆ ಕರೆದುಕೊಂಡು ಹೋದರು. ಅಕ್ಕ ಬರಲಿಲ್ಲ, ಅವಳನ್ನು ಭಾವ ಕರೆಯಲೂ ಇಲ್ಲ. ದಾರಿಯಲ್ಲಿ ಅವರು ಇಂಗ್ಲಿಷಿನಲ್ಲಿ ಹೇಳಿದರು: "ಯುವರ್ ಸಿಸ್ಟರ್ ಈಸ್ ಎ ಗುಡ್ ಗರ್ಲ್, ಬಟ್ ಸ್ಲೋ. ಒಂದೊಂದು ಸಲ ಎಡವಿ ಬೀಳುತ್ತಾಳೆ. ಊರಲ್ಲಿ ಹೇಳಿದರೆ ಸುಮ್ಮನೆ ಗಾಬರಿಯಾಗುತ್ತಾರೆ. ಯು ಆರ್ ಎಜುಕೇಟೆಡ್, ಯು ಅಂಡರ್‌ಸ್ಟ್ಯಾಂಡ್." ಮುಂದಿನ ಮಾತನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಅವರು ಹಾಗೆ ಹೇಳಿದಾಗ ನನಗೆ ಖುಷಿಯಾಯಿತು. ಆ ಮನೆಯಲ್ಲಿ ಅರ್ಥ ಮಾಡಿಕೊಳ್ಳುವವಳು ನಾನೊಬ್ಬಳೇ ಎಂದು ಜೀಪಿನ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತೆ.

ಮಾರನೆಯ ದಿನ ಊರಿಗೆ ಕಾಗದ ಬರೆದೆ. ನಾನು ಕ್ಷೇಮ. ಅಕ್ಕ ಸುಖವಾಗಿದ್ದಾಳೆ. ಭಾವನವರು ಬಹಳ ಒಳ್ಳೆಯವರು, ಜಿಂಕೆಯ ಹಿಂಡು ತೋರಿಸಿದರು. ಅತ್ತೆಮ್ಮನವರು ಕಷ್ಟಪಟ್ಟು ದುಡಿಯುತ್ತಾರೆ. ಸಂತೋಷದ ಸಂಗತಿಗಳು ಮೂರಕ್ಕೆ ಮೂರೂ ಆದವು. ಅಕ್ಕ ಹಿಂದೆ ಬಂದು ನಿಂತಳು.

"ಏನ್ ಬರುದ್ಯಮ್ಮಿ?"

ಓದಿ ಹೇಳಿದೆ. "ಅಕ್ಷರ ಚೆಂದಾಗದೆ. ಕಳ್ಸು" ಅಂದಳು.

ಆ ಕಾಗದವನ್ನು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದರಂತೆ. ಆಮೇಲೆ ನಡುಮನೆಯ ಬಸವಣ್ಣನ ಪಟದ ಹಿಂದೆ ಸಿಕ್ಕಿಸಿಟ್ಟರು.

ಬೇಸಗೆ ರಜಕ್ಕೆ ನಾನು ಚಾಮರಾಜನಗರಕ್ಕೆ ಬಂದ ನಾಲ್ಕನೆಯ ದಿನ ಅಕ್ಕ ಬಂದಳು. ಒಬ್ಬಳೇ. ಕೈಯಲ್ಲಿ ಒಂದು ಬಟ್ಟೆಚೀಲ. ಮದುವೆಯಾದ ಹುಡುಗಿ ಗಂಡನೋ ಮೈದುನನೋ ಜೊತೆಯಿಲ್ಲದೆ ತವರಿಗೆ ಬರುವುದನ್ನು ನಮ್ಮ ಬೀದಿ ಕಂಡಿರಲಿಲ್ಲ.

"ಯಾರ್ ಜೊತೆ ಬಂದ್ಯವ್ವ?" ಎಂದು ಅವ್ವ ಕೇಳಿದಳು.

"ಬಸ್ಸಲ್ಲಿ."

"ಬಸ್ಸಲ್ಲಿ ಯಾರ್ ಜೊತೆ?"

ಅಕ್ಕ ಚೊಂಬಿನ ನೀರನ್ನು ಒಂದೇ ಉಸಿರಿಗೆ ಕುಡಿದಳು. ಅವ್ವ ಮತ್ತೆ ಕೇಳದೆ ಹಂಡೆಗೆ ಉರಿ ಹಾಕಿದಳು. ಮಗಳು ಬಂದರೆ ಮೊದಲು ಎಣ್ಣೆನೀರು, ಆಮೇಲೆ ಮಾತು. ಬಚ್ಚಲುಮನೆಗೆ ಇಬ್ಬರೂ ಹೋದರು. ಬಹಳ ಹೊತ್ತು ನೀರಿನ ಸದ್ದೇ ಬರಲಿಲ್ಲ. ಅವ್ವ ಹೊರಗೆ ಬಂದಾಗ ಅಂಗೈ ತುಂಬ ಎಣ್ಣೆ ಹಾಗೇ ಇತ್ತು. ನೇರ ಅಪ್ಪನ ಮುಂದೆ ಹೋಗಿ ನಿಂತಳು.

"ಅವಳ ಬೆನ್ ಮ್ಯಾಲೆ ಎಣ್ಣೆ ಹಚ್ಚಕ್ಕೆ ಜಾಗ ಇಲ್ಲ" ಅಂದಳು.

ಅಪ್ಪ ಕೆಟ್ಟವರಲ್ಲ. ಇದನ್ನು ಹೇಳಲೇಬೇಕು. ಅವರ ಮುಖ ಬೂದಿಯಾಯಿತು. ಆದರೆ ಮಗಳು ತವರಲ್ಲಿ ಕೂತರೆ ಊರು ಏನನ್ನುತ್ತದೆ ಎನ್ನುವ ಭಯ ಅವರಿಗೆ ಆ ಬೆನ್ನಿಗಿಂತ ಹತ್ತಿರವಿತ್ತು. ಪಟದ ಹಿಂದಿನಿಂದ ಕಾಗದ ತೆಗೆದರು. "ಅಲ್ಲೇ ಇದ್ದು ಕಣ್ಣಾರೆ ನೋಡಿ ಬರ್ದವಳೆ ಇವಳು. ಸುಖವಾಗವಳೆ ಅಂತ. ಎಲ್ಲೋ ಬಿದ್ದಿರ್ಬೇಕು. ಸಣ್ಣಪುಟ್ಟದ್ದು ಎಲ್ಲಾರ ಮನೇಲೂ ಇದ್ದದ್ದೇಯ. ನಾಳೆ ನಾನೇ ಬುಟ್ಟು ಬತ್ತೀನಿ."

ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಓದು ಬರದ ಅವ್ವನಿಗೆ ಬರೆದದ್ದರ ಮೇಲೆ ವಿಪರೀತ ನಂಬಿಕೆ. ಕಾಗದದಲ್ಲಿ ಇದ್ದದ್ದು, ಕೈಗೆ ಸಿಕ್ಕಿದ್ದು ಎರಡೂ ಹೊಂದದೆ ಅವಳು ಗೊಂದಲಕ್ಕೆ ಬಿದ್ದಳು ಎಂದು ಕಾಣುತ್ತದೆ. ಆಗುವುದಿಲ್ಲ ಎನ್ನಲಿಲ್ಲ. "ನಾಳೆ ಮಂಗಳವಾರ. ಹೆಣ್ಮಕ್ಕಳ ಕಳ್ಸಂಗಿಲ್ಲ" ಅಂದಳು ಅಷ್ಟೆ.

ಅಲ್ಲಿಂದ ಶುರುವಾಯಿತು ಅವ್ವನ ಪಂಚಾಂಗ. ಬುಧವಾರ ಅಮಾವಾಸ್ಯೆ. ಶುಕ್ರವಾರ ಮನೆಯ ಲಕ್ಷ್ಮಿ ಹೊರಡಬಾರದು. ಭಾನುವಾರ ಪಡುವಲಿಗೆ ಹೊರಟರೆ ಶೂಲ, ಗುಂಡ್ಲುಪೇಟೆ ಪಡುವಲಿಗೇ ಇರುವುದು. ಸೋಮವಾರ ಅಪ್ಪ ಪಂಚೆ ಉಟ್ಟು ತಯಾರಾಗಿ ನಿಂತರು.

"ಸ್ವಾಮಾರ ಎತ್ತು ಕಟ್ಟಂಗಿಲ್ಲ" ಅಂದಳು ಅವ್ವ.

"ಬಸ್ಸಿಗೆ ಎತ್ತು ಕಟ್ಟಾರಾ?"

"ಬಸ್‌ಸ್ಟ್ಯಾಂಡ್ ಗಂಟ ಗಾಡಿ ಬ್ಯಾಡ್ವಾ?"

ಬಸ್‌ಸ್ಟ್ಯಾಂಡ್ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ. ಸೋಮವಾರ ಬಸವನಿಗೆ ನೊಗ ಹೂಡದ ಮನೆತನ ನಮ್ಮದು. ಅಪ್ಪ ಪಂಚೆ ಬದಲಾಯಿಸಿ ಅಂಗಡಿಗೆ ಹೋದರು. ಅವರಿಗೂ ಒಂದು ದಿನ ತಪ್ಪಿದ್ದು ಬೇಕಾಗಿತ್ತೋ ಏನೋ. ಈ ದಿನಗಳಲ್ಲಿ ಅಕ್ಕ ಹಿತ್ತಲ ಕೋಣೆಯಲ್ಲಿ ಮಲಗಿರುತ್ತಿದ್ದಳು. ಹೊರಗೆ ಗಾಡಿಯ ಸದ್ದಾದರೆ ಎದ್ದು ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬೀಸಣಿಗೆ ಹಾಕುತ್ತಿದ್ದೆ. ಹೇಳಿಬಿಡಬೇಕು ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದೆ. ಹೇಳಿದರೆ ನಾನು ಲೈಯರ್, ಸುಳ್ಳುಬುರುಕಿ, ಆಗುತ್ತೇನೆ. ನಮ್ಮ ಕಾನ್ವೆಂಟಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

ಎರಡು ವಾರ ತುಂಬುವ ಮೊದಲೇ ಗುಂಡ್ಲುಪೇಟೆಯವರೇ ಒಳ್ಳೆಯ ವಾರ, ಒಳ್ಳೆಯ ಹೊತ್ತು ನೋಡಿಕೊಂಡು ಬಂದರು. ಭಾವ, ಅವರ ತಾಯಿ, ಮದುವೆ ಮಾಡಿಸಿದ್ದ ಅಯ್ಯನವರು. ಜೀಪು ಮನೆ ಮುಂದೆ ನಿಂತಾಗ ಬೀದಿಯ ಕದಗಳೆಲ್ಲ ಅರ್ಧ ತೆರೆದುಕೊಂಡವು. ನಡುಮನೆಯಲ್ಲಿ ಜಮಖಾನ ಹಾಸಿ ಅಯ್ಯನವರನ್ನು ಕೂರಿಸಿ ಅಪ್ಪ ಪಾದ ಮುಟ್ಟಿದರು. ಅಡುಗೆಮನೆಯ ಬಾಗಿಲಲ್ಲಿ ಅವ್ವ, ಅವಳ ಹಿಂದೆ ಅಕ್ಕ. ಹಿತ್ತಲ ಬಾಗಿಲಿನಿಂದ ಅಕ್ಕಪಕ್ಕದ ನಾಲ್ಕೈದು ಹೆಂಗಸರು ಬಂದು ಒಳಗೆ ಸದ್ದಿಲ್ಲದೆ ಕೂತಿದ್ದರು.

ಅಪ್ಪ ಕಾಗದವನ್ನು ಅಯ್ಯನವರ ಕೈಗೆ ಕೊಟ್ಟರು. ಅವರು ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು. ಜಿಂಕೆಯ ಹಿಂಡು, ಅತ್ತೆಮ್ಮನ ದುಡಿತ, ಎಲ್ಲ.

"ಬಾವ್ವ ಇಲ್ಲಿ. ಇದು ನಿನ್ ಬರವಣಿಗೆ ತಾನೆ?"

"ಊಂ."

ಭಾವ ನನ್ನ ಕಡೆ ತಿರುಗಿ ನಕ್ಕರು. ಅದೇ ಪಾರ್ಲರಿನ ನಗು. "ಟೆಲ್ ದೆಮ್, ಮೈ ಡಿಯರ್. ಯು ಆಲ್ವೇಸ್ ಟೆಲ್ ದ ಟ್ರೂತ್."

ಅವರ ಜೊತೆ ನಾನು ಅಲ್ಲಿಯವರೆಗೆ ಇಂಗ್ಲಿಷಿನಲ್ಲೇ ಮಾತನಾಡಿದ್ದು. ಆ ಹೊತ್ತಿಗೆ ಒಂದು ಶಬ್ದವೂ ಸಿಗಲಿಲ್ಲ. ಕಂಬದ ಕಡೆ ಮುಖ ಮಾಡಿ ಕನ್ನಡದಲ್ಲಿ ಅಂದೆ, "ಅಕ್ಷರ ನಂದೇ. ಬರೆದಿರೋದು ಸುಳ್ಳು."

"ಅಂಗಂದ್ರೆ?"

"ಅಕ್ಕನ್ನ ಕೋಣೆ ಒಳಕ್ಕೆ ಕರ್ಕಂಡೋದ್ರು. ಅತ್ತೆಮ್ಮ ಬರೀ ಕಲ್ಲು ಬೀಸ್ತಿದ್ರು. ರಾಗಿ ಹಾಕ್ದೆ."

ಅಯ್ಯನವರಿಗೆ ಅರ್ಥವಾಗಲಿಲ್ಲ. ಭಾವ ಜೋರಾಗಿ ನಕ್ಕರು. "ಕಾನ್ವೆಂಟ್ ಹುಡುಗಿ, ಬೀಸೋ ಕಲ್ಲು ಎಲ್ಲಿ ನೋಡ್ಬೇಕು" ಅಂದರು. ಅಪ್ಪನೂ ಅಯ್ಯನವರೂ ಸ್ವಲ್ಪ ನಕ್ಕರು. "ಮಗೀನ ಮಾತು ಬುಡಿ" ಎಂದು ಅಯ್ಯನವರು ಕಾಗದ ಮಡಿಸಿಟ್ಟರು. ಆದರೆ ಅಡುಗೆಮನೆಯಲ್ಲಿ ಯಾರೂ ನಗಲಿಲ್ಲ. ಅಲ್ಲಿ ಕೂತವರೆಲ್ಲ ಬೀಸಿದವರು. ಯಾವ ಸದ್ದು ಮುಚ್ಚಲು ಹಿಟ್ಟಿಲ್ಲದ ಕಲ್ಲನ್ನು ತಿರುಗಿಸುತ್ತಾರೆ ಎನ್ನುವುದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಭಾವನ ತಾಯಿ ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು.

ನ್ಯಾಯ ಬೇಗ ಮುಗಿಯಿತು. ಹೆಣ್ಣು ಗಂಡನ ಮನೆಯಲ್ಲಿರಬೇಕು. ಇನ್ನು ಕೈ ಮಾಡುವುದಿಲ್ಲ ಎಂದು ಭಾವ ಲಿಂಗ ಮುಟ್ಟಿ ಹೇಳಬೇಕು. ಅವರು ಮುಟ್ಟಿ ಹೇಳಿಯೂ ಬಿಟ್ಟರು, ವಾಚು ನೋಡಿಕೊಳ್ಳುವಷ್ಟು ಸಲೀಸಾಗಿ. ಅಪ್ಪ ಅಡುಗೆಮನೆಯ ಕಡೆ ತಿರುಗಿ, "ಮಡ್ಲು ತುಂಬು. ಹೊತ್ತಾಯ್ತದೆ" ಅಂದರು.

ತವರಿನಿಂದ ಹೊರಡುವ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಹಾಕುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೆ. ಮಡಿಲಕ್ಕಿ ಇಲ್ಲದೆ ಮಗಳು ಹೊಸಿಲು ದಾಟುವುದಿಲ್ಲ. ದಾಟಿದರೆ ಹೋಗಿ ಸೇರುವ ಮನೆಗೆ ಕೇಡು. ಅವ್ವ ಮೊರ ತಂದಳು. ಹೊಸಿಲ ಮೇಲೆ ಬೋರಲು ಹಾಕಿ ಅದರ ಪಕ್ಕ ಕೂತಳು.

"ನಾನು ಉಯ್ಯಕಿಲ್ಲ" ಅಂದಳು.

ಅಪ್ಪ ಮೊದಲು ಗದರಿದರು, ಆಮೇಲೆ ಅಯ್ಯನವರ ಮುಂದೆ ಮಾನ ಕಳೆಯಬೇಡ ಎಂದು ಬೇಡಿದರು. ಅವ್ವ ಮೊರ ಎತ್ತಲಿಲ್ಲ. ಯಾರಾದರೂ ಮುತ್ತೈದೆ ಹಾಕಿದರೂ ಆಗುತ್ತದೆ ಎಂದು ಅಯ್ಯನವರು ದಾರಿ ತೋರಿಸಿದರು. ಭಾವನ ತಾಯಿ ವಿಧವೆ, ಅವರು ಹಾಕುವ ಹಾಗಿಲ್ಲ. ಅಪ್ಪ ಒಳಗೆ ಕೂತಿದ್ದವರನ್ನು ಒಬ್ಬೊಬ್ಬರಾಗಿ ಕರೆದರು. ಎದುರು ಮನೆಯವಳು ಆಗಷ್ಟೇ ಬೆರಣಿ ತಟ್ಟಿ ಬಂದಿದ್ದಳಂತೆ, ಕೈ ತೊಳೆದಿರಲಿಲ್ಲವಂತೆ. ಎರಡನೆಯವಳಿಗೆ ಇದ್ದಕ್ಕಿದ್ದಂತೆ ತೋಳು ಉಳುಕಿತು. ಮೂರನೆಯವಳು, ನಮ್ಮ ಅವ್ವನ ಓರಗೆಯವಳು, ಗೋಡೆ ನೋಡುತ್ತ "ನಾನು ಹೊರಗೆ ಕುಂತಿವ್ನಿ ಬುದ್ಧಿ" ಅಂದಳು.

"ಲಿಂಗ ಕಟ್ಟಿದೋರ್ಗೆ ಆ ಸೂತಕ ಇಲ್ಲ ಕಣಮ್ಮ" ಎಂದು ಅಯ್ಯನವರು ಶಾಸ್ತ್ರ ಹೇಳಿದರು.

"ನೀವು ಯೋಳದು ದಿಟ ಬುದ್ಧಿ. ನನ್ ಹೊಟ್ಟೆನೋವ್ಗೆ ಅದು ತಿಳೀಬೇಕಲ್ಲ."

ಒಳಗೆ ಯಾರೋ ಕಿಸಕ್ಕೆಂದರು. ನಾಲ್ಕನೆಯವಳು ತಾನೂ ಹೊರಗೆ ಅಂದಳು. ಅವಳಿಗೆ ಆಗಲೇ ಅರವತ್ತು ದಾಟಿತ್ತು.

ಭಾವ ಎದ್ದು ನಿಂತರು. ಇಂಗ್ಲಿಷ್ ಹೋಗಿತ್ತು. "ಅಕ್ಕಿಗೋಸ್ಕರ ಕಾಯ್ಕಂಡು ಕೂತ್ಕಳ್ಳಕ್ಕಾಯ್ತದಾ. ಏಳು, ಹತ್ತು ಜೀಪ" ಎಂದು ಅಕ್ಕನ ಕಡೆ ಹೆಜ್ಜೆ ಇಟ್ಟರು. ಆಗ ಎದ್ದವರು ಅವರ ತಾಯಿ. ಮಗನ ತೋಳು ಹಿಡಿದುಕೊಂಡರು.

"ಬರೀ ಮಡ್ಲಲ್ಲಿ ಬ್ಯಾಡ ಕಣಪ್ಪ. ನಮ್ ಮನೆಗೆ ಒಳ್ಳೇದಾಗಕಿಲ್ಲ. ನಡಿ, ಓಗನ."

"ಅವ್ವ, ನೀ ಸುಮ್ಕಿರು."

"ನಾನು ಸುಮ್ಕಿದ್ದದ್ದು ಸಾಕು. ನಡಿ."

ಅದು ಕೇಡಿನ ಭಯವೋ, ಅಕ್ಕನ ಮೇಲಿನ ಕನಿಕರವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇದ್ದಿರಬಹುದು. ಹೋಗುವಾಗ ಅವರು ಅಡುಗೆಮನೆಯ ಕಡೆ ತಿರುಗಿ ನೋಡಲಿಲ್ಲ. ಜೀಪು ಹೋದ ಮೇಲೆ ಹೆಂಗಸರು ಸೆರಗು ಕೊಡವಿಕೊಂಡು ಹಿತ್ತಲಿನಿಂದಲೇ ಹೊರಟರು. ಅರವತ್ತು ದಾಟಿದಾಕೆ ಅವ್ವನಿಗೆ, "ಯಂತ ವಯಸ್ನಲ್ಲಿ ನನ್ನ ಹೊರಗೆ ಕೂರ್ಸ್‌ಬುಟ್ಟೆ ತಾಯಿ" ಎಂದು ಹೇಳಿ ಹೋದಳು.

ಆಮೇಲೆ ಗುಂಡ್ಲುಪೇಟೆಯಿಂದ ಇನ್ನೆರಡು ಸಲ ಹೇಳಿ ಕಳಿಸಿದರು. ಅವ್ವ ಮಡಿಲು ತುಂಬಲಿಲ್ಲ. ಮುಂದೆ ಅಕ್ಕ ಹೊಲಿಗೆ ಕಲಿತು ಸಂತೆಮರಹಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದಳು, ತನ್ನದೇ ಮನೆ ಮಾಡಿದಳು, ನನಗಿಂತ ಹೆಚ್ಚು ನಗುತ್ತ ಬಾಳಿ ಹೋದಳು. ಅದೆಲ್ಲ ಬಹಳ ನಿಧಾನಕ್ಕೆ ಆದದ್ದು. ಆ ರಜದಲ್ಲಿ ಅದು ಯಾವುದೂ ಕಾಣುತ್ತಿರಲಿಲ್ಲ. ಅಪ್ಪ ಅವ್ವನ ಜೊತೆಯೂ ಅಕ್ಕನ ಜೊತೆಯೂ ಮಾತು ಬಿಟ್ಟರು. ಬೆಳಗ್ಗೆ ಪೂಜೆ ಮುಗಿಸಿ ಅಂಗಡಿಗೆ ಹೋದರೆ ಮಧ್ಯಾಹ್ನ ಬಂದು ತಲೆ ಬಗ್ಗಿಸಿ ಉಂಡು ಏಳುತ್ತಿದ್ದರು. ಅಕ್ಕ ಕೂಡ ಹಾಗೆಯೇ. ಏನು ಮಾಡಲಿ ಎಂದು ಅವ್ವ ಕೇಳಿದರೆ "ಏನಾರ ಸರಿ" ಅನ್ನುತ್ತಿದ್ದಳು. ಯಾವ ಸೀರೆ? ಏನಾರ ಸರಿ. ಮುದ್ದೆಯೋ ಅನ್ನವೋ? ಏನಾರ ಸರಿ. ಅವಳಿಗೆ ಹುರುಳಿಕಟ್ಟಿನ ಸಾರು ಇಷ್ಟ ಎಂದು ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳಿಗೆ ಮರೆತುಹೋದ ಹಾಗಿತ್ತು. ನಾನು ಒಂದು ದಿನ ಅವಳ ಕಾಲ ಬಳಿ ಕೂತು "ಆ ಕಾಗದ ನಾನು ಬರೀಬಾರ್ದಿತ್ತು ಅಕ್ಕ" ಅಂದೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. "ನಾನೇ ಕಳ್ಸು ಅಂದ್ನಲ್ಲ" ಅಂದಳು. ಅದಕ್ಕಿಂತ ಹೆಚ್ಚು ಆ ವಿಷಯ ನಾವು ಯಾವತ್ತೂ ಮಾತನಾಡಲಿಲ್ಲ.

ಸ್ಕೂಲು ತೆರೆಯಲು ಒಂದು ವಾರ ಇತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ಹುರುಳಿಕಟ್ಟಿನ ಸಾರು ಮಾಡಿದ್ದಳು. ಅಪ್ಪ ಎಂದಿನಂತೆ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಅಕ್ಕ ಎರಡು ತುತ್ತು ನುಂಗಿ, ಕೈ ನಿಲ್ಲಿಸಿ, ಸಾರಿನ ಕಡೆ ನೋಡುತ್ತ ಅಂದಳು.

"ಅವ್ವ, ಉಪ್ಪು ಜಾಸ್ತಿ ಆಗದೆ."

ಅವ್ವನ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಅಕ್ಕನಿಗೂ ತಾನು ಅಂದದ್ದು ಕೇಳಿಸಿರಬೇಕು, ಕತ್ತು ಒಳಗೆ ಸೆಳೆದುಕೊಂಡು ಅಪ್ಪನ ಕಡೆ ನೋಡಿದಳು. ಅಪ್ಪ ತಲೆ ಎತ್ತಲಿಲ್ಲ. ಬೆರಳಿನಿಂದ ಸಾರು ತೆಗೆದು ನಾಲಗೆಗೆ ಹಚ್ಚಿಕೊಂಡು ಸ್ವಲ್ಪ ಯೋಚಿಸಿದರು.

"ಊಂ ಕಣವ್ವ. ಜಾಸ್ತೀನೇ ಆಗದೆ" ಅಂದರು.

ನನ್ನ ತಟ್ಟೆಯಲ್ಲಿದ್ದದ್ದೂ ಅದೇ ಸಾರು. ಉಪ್ಪು ಸರಿಯಾಗಿಯೇ ಇತ್ತು.